ಮುಳ್ಳುಮರದಿಂದ ಮೂರನೆಯ ಕಲ್ಲು

ಟಪ್. ಕಲ್ಲಿನ ಮೇಲೆ ತೆಂಗಿನಕಾಯಿ ಒಡೆದ ಸದ್ದು.

ಚರ್ಚಿನೊಳಗೆ ಏಣಿಯ ತುದಿಯಲ್ಲಿ ನಿಂತು, ಚಿನ್ನ ಬಳಿದ ಗಾರೆಯ ಮಗುವೊಂದರ ಕೆನ್ನೆಯಿಂದ ದೂಳು ಕೊಡವುತ್ತಿದ್ದ ಚಂದ್ರಾವತಿಯ ಕೈ ಅಲ್ಲೇ ನಿಂತಿತು. ಬೇರೆ ಸದ್ದಾಗಿದ್ದರೆ ಗಾಳಿಗೆ ಬಾಗಿಲು ಬಡಿಯಿತೆಂದು ಸುಮ್ಮನಾಗಬಹುದಿತ್ತು. ಮೈಸೂರಿನ ನಂಜುಮಳಿಗೆಯಲ್ಲಿ ಗುಡಿಯ ಎದುರುಮನೆಯಲ್ಲಿ ಬೆಳೆದವಳ ಕಿವಿ ಈ ಒಂದು ಸದ್ದಿನಲ್ಲಿ ಮೋಸಹೋಗುವುದಿಲ್ಲ. ಐರ್ಲೆಂಡಿನ ನಟ್ಟನಡುವೆ, ಅತ್ಲೋನ್ ಪಟ್ಟಣದಾಚೆಯ ಗುಡ್ಡದ ನೆತ್ತಿಯಲ್ಲಿ, ಮೇ ತಿಂಗಳ ಭಾನುವಾರ, ಚರ್ಚಿನ ಹಿಂದೆ ಯಾರೋ ಕಾಯಿ ಒಡೆದಿದ್ದರು. ಯಾರೆಂದು ಅವಳಿಗೆ ಗೊತ್ತು. ಎಲ್ಲಿ ಒಡೆದರೆಂದೂ ಗೊತ್ತು.

ಇವತ್ತೊಂದು ದಿನ ಬೇಡವಾಗಿತ್ತು. ಕೆಳಗಿನ ಊರಿನ ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿಯುತ್ತಲೇ ಬ್ರೈಡಿ ಬರುತ್ತಾಳೆ. ಆ ಊರಿನವಳೇ ಆದ, ಎಂಬತ್ತು ದಾಟಿದ ಬ್ರೈಡಿ ಅಕ್ಟೋಬರಿನಲ್ಲಿ ಬಿದ್ದು ಸೊಂಟ ಮುರಿದುಕೊಂಡವಳು, ಅಲ್ಲಿಂದ ಇಲ್ಲಿಯವರೆಗೆ ಆಸ್ಪತ್ರೆ, ಆಮೇಲೆ ಮುದುಕರನ್ನು ನೋಡಿಕೊಳ್ಳುವ ಮನೆ. ಇವತ್ತು ಮೊದಲ ಸಲ ತಂಗಿಯ ಮಗಳ ಕಾರಿನಲ್ಲಿ ಗುಡ್ಡ ಹತ್ತುತ್ತಾಳೆ. ಬಂದವಳು ಚರ್ಚಿನೊಳಗೆ ಕಾಲಿಡುವುದಿಲ್ಲ. ನೇರವಾಗಿ ಹೊರಗಿನ ಪುಟ್ಟ ಪ್ರಾರ್ಥನಾಗುಡಿಗಳಲ್ಲಿ ಆರನೆಯದರ, ಆರನೆಯ ಚಾಪೆಲ್ಲಿನ, ಹಿಂದಕ್ಕೆ ಹೋಗುತ್ತಾಳೆ. ಕಾಯಿ ಒಡೆದದ್ದು ಅಲ್ಲೇ.

ಚಂದ್ರಾವತಿ ಏಣಿ ಇಳಿದಳು.

ಈ ಚರ್ಚನ್ನು ನೋಡಿದವರೆಲ್ಲ ಬಾಯಿ ತೆರೆದು ನಿಲ್ಲುತ್ತಾರೆ. ಸುತ್ತಲಿನದು ಚಪ್ಪಟೆ ನಾಡು: ಜೌಗು, ದನ, ಬೇಲಿ, ಮತ್ತೆ ಜೌಗು. ನಡುವೆ ಒಂದೇ ಗುಡ್ಡ, ಗುಡ್ಡದ ಮೇಲೆ ಹಳದಿ ಗೋಡೆಯ, ಈರುಳ್ಳಿಯಂಥ ಹಸಿರು ಗುಮ್ಮಟದ ಚರ್ಚು. ರೋಮಿನಲ್ಲಿ ಓದಿ ಬಂದ ಪಾದ್ರಿಯೊಬ್ಬ ಅಲ್ಲಿ ಕಂಡ ಹಳೆಯ ವೈಭವವನ್ನು ಮರೆಯಲಾರದೆ, ನೂರು ವರ್ಷಕ್ಕೂ ಹಿಂದೆ ಕಟ್ಟಿಸಿದನಂತೆ. ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡ ಕಂಬಗಳು. ಹೂಕೋಸಿನಂಥ ಗಾರೆಯ ಮೋಡಗಳು. ಮೋಡಗಳ ಸಂದುಸಂದಿನಲ್ಲಿ ಮಕ್ಕಳ ಮುಖಗಳು. ಮೈ ಇಲ್ಲ, ಕೊರಳ ಕೆಳಗೆ ಒಂದು ಜೊತೆ ರೆಕ್ಕೆ ಅಷ್ಟೆ. ಉಬ್ಬಿದ ಕೆನ್ನೆ, ಆಗತಾನೆ ಹಾಲು ಕುಡಿದು ತೇಗಿದಂಥ ತುಟಿ, ಎಲ್ಲಕ್ಕೂ ಚಿನ್ನದ ರೇಕು. ಹೊರಗೆ, ಗುಡ್ಡದ ಅಂಚಿನುದ್ದಕ್ಕೂ, ಮೇರಿಯಮ್ಮನ ಏಳು ದುಃಖಗಳಿಗೆ ಒಂದೊಂದರಂತೆ ಏಳು ಪುಟ್ಟ ಚಾಪೆಲ್‌ಗಳು. ಯಾತ್ರಿಕರು ಮಣಿಸರ ಎಣಿಸುತ್ತ ಒಂದೊಂದರ ಮುಂದೂ ಮಂಡಿಯೂರುತ್ತಾರೆ. ಆರನೆಯದರಲ್ಲಿ ಮೇರಿಯಮ್ಮ ಸತ್ತ ಮಗನನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಿದ್ದಾಳೆ.

ಚಂದ್ರಾವತಿಗೆ ಒಳಗೆ ಕಾಲಿಟ್ಟಾಗಲೆಲ್ಲ ಹಬ್ಬ ಮುಗಿದು ಎಷ್ಟೋ ದಿನದ ಮೇಲೆ ಡಬ್ಬಿಯ ತಳದಲ್ಲಿ ಸಿಕ್ಕ ಕೊಬ್ಬರಿ ಮಿಠಾಯಿ ನೆನಪಾಗುತ್ತಿತ್ತು. ಮೇಲೆ ಸಕ್ಕರೆ, ಕಚ್ಚಿದರೆ ಮುಗ್ಗಲು. ಗಾರೆಯ ಹಿಂದೆ ತೇವ, ಮೋಡಗಳ ಹೊಟ್ಟೆಯಲ್ಲಿ ಕರಿ ಬೂಷ್ಟು. ಗುಮ್ಮಟದಲ್ಲಿ ಗೂಡು ಕಟ್ಟುವ, ಬೂದು ಕತ್ತಿನ ಪುಟ್ಟ ಕಾಗೆಗಳ ಹಿಕ್ಕೆ ದೇವದೂತರ ಹಣೆಯಿಂದ ಮೂಗಿಗಿಳಿದು ಒಣಗಿರುತ್ತಿತ್ತು. ಅದನ್ನು ಕೆರೆದು ತೆಗೆಯುವುದೇ ಅವಳ ಕೆಲಸ.

ಹೇಸಿಕೊಳ್ಳುವುದು ಅವಳ ಹುಟ್ಟುಗುಣ. ಚಿಕ್ಕಂದಿನಲ್ಲಿ ಇನ್ನೊಬ್ಬರು ಕಚ್ಚಿ ಕುಡಿದ ಲೋಟ ಮುಟ್ಟುತ್ತಿರಲಿಲ್ಲ. ಮದುವೆ ಊಟದಲ್ಲಿ ಎರಡನೆಯ ಪಂಕ್ತಿಗೆ ಕೂರುತ್ತಿರಲಿಲ್ಲ. ಎಲೆ ಎತ್ತಿ ಒರೆಸಿದ ನೆಲದ ಸಾರಿನ ವಾಸನೆಗೇ ಅವಳು ಎದ್ದು ಹೊರಗೆ ಹೋಗುತ್ತಿದ್ದಳು. "ಇವಳ್ನ ಕಟ್ಕೊಳ್ಳೋನ ಗತಿ ಏನೋ, ಗಂಡನ ಮುಖಾನೂ ತೊಳ್ಸೇ ನೋಡ್ತಾಳೆ" ಎನ್ನುತ್ತಿದ್ದರು ತಾಯಿ. ಕಟ್ಟಿಕೊಂಡವನು ಮಹಾದೇವ, ಹೋಟೆಲಿನ ಅಡುಗೆಯವನು. ಅವನ ಬೆರಳಿನ ಬೆಳ್ಳುಳ್ಳಿ ವಾಸನೆಯನ್ನು ಒಂದು ವರ್ಷ ನಿಂಬೆಹೋಳಿನಿಂದ ತಿಕ್ಕಿದಳು, ಆಮೇಲೆ ಕೈಬಿಟ್ಟಳು. ಅವನಿಗೆ ಅತ್ಲೋನಿನ ಇಂಡಿಯನ್ ಹೋಟೆಲೊಂದರಲ್ಲಿ ಕೆಲಸ ಸಿಕ್ಕಿತು. ಹೆಂಡತಿ, ಮಗಳು ಹಿಂದೆಯೇ ಬಂದರು. ಈಗ ಮಗಳು ನಿಸರ್ಗಾ ಗಾಲ್ವೇಯ ಪಾರ್ಕ್‌ಮೋರ್‌ನಲ್ಲಿ, ಹೃದಯದೊಳಗೆ ಕೂರಿಸುವ ಕೊಳವೆ ಮಾಡುವ ಕಂಪನಿಯಲ್ಲಿದ್ದಾಳೆ. ಅಲ್ಲಿ ತಲೆಯಿಂದ ಕಾಲಿನವರೆಗೆ ಬಿಳಿ ಚೀಲ ಹೊದ್ದು ಒಳಗೆ ಹೋಗಬೇಕು. ಮಗಳು ತೋರಿಸಿದ ಫೋಟೋ ನೋಡಿ ಚಂದ್ರಾವತಿ ನಿಟ್ಟುಸಿರು ಬಿಟ್ಟಿದ್ದಳು: "ನಾನು ಹುಟ್ಟಬೇಕಾಗಿದ್ದ ಜಾಗ ಕಣೇ ಅದು."

ಅವಳಿಗೆ ಸಿಕ್ಕಿದ್ದು ಮಾತ್ರ ಮುದುಕರ ಮನೆಯ ಕಕ್ಕಸು ತೊಳೆಯುವ ಕೆಲಸ, ಅದಾದ ಮೇಲೆ ಈ ಗುಡ್ಡ. ಇಷ್ಟು ಹೇಸುವವಳು ಇದನ್ನು ಹೇಗೆ ಮಾಡುತ್ತೀಯ ಎಂದು ಕೇಳಿದರೆ ಅವಳ ಉತ್ತರ ಒಂದೇ: "ಹೇಸದೇ ಇರೋರು ಒರೆಸಿದ್ರೆ ನೀರು ಹರಡ್ತಾರೆ ಅಷ್ಟೆ. ಹೇಸೋರು ಒರೆಸಿದ್ರೇನೇ ಕೊಳೆ ಹೋಗೋದು."

ಗುಡ್ಡದಲ್ಲಿ ಅವಳಿಗೆ ಎಲ್ಲಕ್ಕಿಂತ ಅಸಹ್ಯವಾದ ಜಾಗವೆಂದರೆ ಆರನೆಯ ಚಾಪೆಲ್ಲಿನ ಹಿಂಬದಿ. ಅಲ್ಲಿ ಗೋಡೆಯಾಚೆ ಒಂದು ಮುದಿ ಮುಳ್ಳುಮರ. ಕಾಯಿಲೆಯವರು ನೋವಿರುವ ಕಡೆ ಬಟ್ಟೆಯ ಚೂರೊಂದನ್ನು ಒರೆಸಿ ಅದರ ಕೊಂಬೆಗೆ ಕಟ್ಟುತ್ತಾರೆ. ಚೂರು ಕೊಳೆತಂತೆ ಕಾಯಿಲೆಯೂ ಕರಗುತ್ತದೆಂಬ ನಂಬಿಕೆ. ಹಾಗಾಗಿ ಯಾರೂ ಬಿಚ್ಚುವಂತಿಲ್ಲ. ಬ್ಯಾಂಡೇಜು, ಕಾಲುಚೀಲ, ಆಸ್ಪತ್ರೆಯಲ್ಲಿ ಮಣಿಕಟ್ಟಿಗೆ ಹಾಕುವ ಪಟ್ಟಿ, ಉಬ್ಬಸದವರು ಬಾಯಿಗಿಡುವ ಪಂಪು, ಒಮ್ಮೆ ಯಾರದೋ ಕಟ್ಟಿಸಿದ ಹಲ್ಲಿನ ಸೆಟ್ಟು. ಮಳೆಗೆ ಎಲ್ಲವೂ ಬೂದು ಬಣ್ಣಕ್ಕೆ ತಿರುಗಿ ಲೋಳೆಗಟ್ಟುತ್ತವೆ. ಮೇ ತಿಂಗಳಲ್ಲಿ ಆ ಮರ ಮೈತುಂಬ ಬಿಳಿ ಹೂ ಬಿಡುತ್ತದೆ. ದೂರದಿಂದ ನೋಡಿದರೆ ಕಣ್ಣು ತಣಿಯುತ್ತದೆ. ಹತ್ತಿರ ಹೋದರೆ ಹೂವಿಗೆ ಸತ್ತ ಇಲಿಯ ವಾಸನೆ.

ಆ ಮರದ ಬುಡದಿಂದ ಸಾಲಾಗಿ, ಹುಲ್ಲಿನಲ್ಲಿ ಅರ್ಧ ಮುಳುಗಿ, ಒರಟು ಕಲ್ಲುಗಳು. ಹೆಸರಿಲ್ಲ, ಶಿಲುಬೆಯಿಲ್ಲ. ಮೊದಲ ವರ್ಷ ಅವಳು ಅವನ್ನು ಬಿದ್ದ ಗೋಡೆಯ ಕಲ್ಲೆಂದೇ ತಿಳಿದಿದ್ದಳು. ಒಂದು ದಿನ ನೋಡಿದರೆ ಬ್ರೈಡಿ ಒದ್ದೆ ಹುಲ್ಲಿನ ಮೇಲೆ ಪ್ಲಾಸ್ಟಿಕ್ ಚೀಲ ಹಾಸಿ ಕೂತು, ಮರದಿಂದ ಮೂರನೆಯ, ಎಲ್ಲಕ್ಕಿಂತ ಚಿಕ್ಕ ಕಲ್ಲಿನ ನೆತ್ತಿ ಸವರುತ್ತಿದ್ದಳು. ಮಲಗಿದ ಕೂಸಿನ ತಲೆ ಸವರುವ ಹಾಗೆ, ಎಚ್ಚರವಾದೀತೆಂದು ಹೆದರಿದ ಹಾಗೆ.

"ಹುಷಾರಾಗಿದ್ದೀರಾ?" ಎಂದಿದ್ದಳು ಚಂದ್ರಾವತಿ, ತನ್ನ ಇಂಗ್ಲಿಷಿನಲ್ಲಿ.

"ಗ್ರ್ಯಾಂಡ್," ಎಂದಿದ್ದಳು ಬ್ರೈಡಿ. ಇಲ್ಲಿ ಹಾಗೆಂದರೆ ಚೆನ್ನಾಗಿದ್ದೇನೆ ಎಂದು. ಅವಳಿಗೆ ಎಲ್ಲವೂ ಗ್ರ್ಯಾಂಡ್. ಸೊಂಟ ಮುರಿದ ದಿನವೂ ಆಂಬುಲೆನ್ಸಿನವರಿಗೆ ಅದನ್ನೇ ಹೇಳಿದಳಂತೆ.

ತಿಂಗಳುಗಳು ಕಳೆದ ಮೇಲೆ, ಒಂದು ಫ್ಲಾಸ್ಕ್ ಟೀ ಹಂಚಿಕೊಳ್ಳುತ್ತ, ಅವಳು ಉಳಿದದ್ದನ್ನು ಹೇಳಿದಳು. ಇಪ್ಪತ್ತೆರಡರ ವಯಸ್ಸಿನಲ್ಲಿ ಹೆತ್ತ ಮೊದಲ ಹೆಣ್ಣುಮಗು. ಧರ್ಮಕ್ಕೆ ಸೇರಿಸುವ ಜ್ಞಾನಸ್ನಾನದ ನೀರು ತಲೆಗೆ ಬೀಳುವ ಮೊದಲೇ ಉಸಿರು ನಿಂತಿತು. ನೀರು ಬೀಳದ ಮಗುವಿಗೆ ಆಗ ಸ್ವರ್ಗವೂ ಇರಲಿಲ್ಲ, ಊರಿನ ಸ್ಮಶಾನವೂ ಇರಲಿಲ್ಲ. ಗಂಡ ಅದನ್ನು ಬೆಣ್ಣೆಯ ಪೆಟ್ಟಿಗೆಯಲ್ಲಿಟ್ಟು, ಮಬ್ಬು ಕವಿದ ಮೇಲೆ, ಚರ್ಚಿನ ಗೋಡೆಯಾಚೆ ಹೂಳಿ ಬಂದ. ಎಲ್ಲಿ ಎಂದು ಹೇಳಲಿಲ್ಲ; ಕೇಳುವುದು ಪದ್ಧತಿಯಲ್ಲ. ತಾನು ಸಾಯುವ ಹೊತ್ತಿನಲ್ಲಿ ಹೇಳಿದ: "ಮುಳ್ಳುಮರದಿಂದ ಮೂರನೆಯದು. ಚಿಕ್ಕದು."

ಆ ಸಾಲಿನಲ್ಲಿ ಇರುವುದೆಲ್ಲ ಅಂಥ ಮಕ್ಕಳೇ. ಊರಿಗೆಲ್ಲ ಗೊತ್ತು. ಊರಿನಲ್ಲಿ ಯಾರೂ ಹೇಳುವುದಿಲ್ಲ. ಒಂದು ಹಲಗೆಯನ್ನೂ ನೆಟ್ಟಿಲ್ಲ.

ಚಂದ್ರಾವತಿ ಮರುದಿನ ಏಣಿ ಹತ್ತಿದಳು, ಅರ್ಧದಿಂದ ಇಳಿದುಬಂದಳು. ಆ ಉಬ್ಬಿದ ಕೆನ್ನೆಗಳನ್ನು ಒರೆಸಲು ಅವಳ ಕೈ ಏಳಲಿಲ್ಲ. ಹುಟ್ಟದೇ ಇದ್ದ ಮಕ್ಕಳಿಗೆ ರೇಕು ರೇಕಾಗಿ ಚಿನ್ನ ಮೆತ್ತಿಸಿದ ಮನೆ ಇದು. ಹುಟ್ಟಿದ ಮಗುವಿಗೆ ಗೋಡೆಯೊಳಗೆ ಒಂದು ಗೇಣು ಮಣ್ಣು ಕೊಡಲಿಲ್ಲ. ಕಾಗೆಯ ಹಿಕ್ಕೆ ಈ ಮುಖಗಳಿಗೆ ಒಪ್ಪುತ್ತದೆ, ಇರಲಿ ಬಿಡು ಎನ್ನಿಸಿತ್ತು. ಒಂದು ವಾರ ಹಾಗೇ ಬಿಟ್ಟಿದ್ದಳು ಕೂಡ.

ಆ ವಸಂತದಲ್ಲಿ ಅವಳು ಕಲ್ಲಿನ ಮುಂದಿಡಲು ಮನೆಯ ಹಿತ್ತಲಿನಿಂದ ನಾಲ್ಕು ಹಳದಿ ಹೂ ಕೊಯ್ದು ತಂದಳು. ಬ್ರೈಡಿ ಅವಳ ಕೈ ಹಿಡಿದು ತಡೆದಳು.

"ಬೇಡ. ಏನೂ ಇಡಬೇಡ. ಇಟ್ಟರೆ ನನ್ನದು ಯಾವುದೆಂದು ಎಲ್ಲರಿಗೂ ತಿಳಿಯುತ್ತದೆ. ಅವತ್ತು ಅವಳು ಯಾರಿಗೂ ಬೇಡವಾಗಿದ್ದಳು. ಇವತ್ತು ನಾನು ಯಾರಿಗೂ ತೋರಿಸುವುದಿಲ್ಲ."

ಹೂವನ್ನು ಚಂದ್ರಾವತಿ ಮನೆಗೇ ತಂದು ಲೋಟದಲ್ಲಿಟ್ಟಳು.

ಅರ್ಪಿತಾ ಬಂದದ್ದು ಹೋದ ಸೆಪ್ಟೆಂಬರಿನಲ್ಲಿ. ಡಬ್ಲಿನ್ ಪಕ್ಕದ ಲೂಕನ್ನಿನವಳು, ಬೆಂಗಳೂರಿನ ಹುಡುಗಿ, ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರಿನವರು. ವರ್ಷಗಟ್ಟಲೆ ಮಕ್ಕಳಿಗಾಗಿ ಸೂಜಿ ಚುಚ್ಚಿಸಿಕೊಂಡು, ಪ್ರತಿ ಸಲವೂ ಕಳೆದುಕೊಂಡು, ಸುಮ್ಮನೆ ಸುತ್ತಾಡಲು ಬಂದವರು ಚಾಪೆಲ್ಲಿನ ಹಿಂದೆ ಹೋದರು. ಚಿಂದಿ ಕಟ್ಟಿದ ಮರ, ಮರದಡಿ ಸಾಲು ಕಲ್ಲು. "ನೋಡೇ ಅರ್ಪಿ, ನಮ್ಮಜ್ಜಿ ಊರಿನ ಮಾರಮ್ಮನ ಕಟ್ಟೆ ಇದ್ದಂಗೇ ಐತೆ!" ಎಂದು ಗಂಡ ಗುರುದತ್ ಕೂಗಿದ್ದು ಚಂದ್ರಾವತಿಗೂ ಕೇಳಿಸಿತ್ತು. ಸಾಲಿನಲ್ಲಿ ಒಂದೇ ಒಂದು ಕಲ್ಲು ಎಣ್ಣೆ ತಿಕ್ಕಿದ ಹಾಗೆ ಮಿರುಗುತ್ತಿತ್ತು. ಬ್ರೈಡಿಯ ಅಂಗೈ ಸವರಿ ಸವರಿ ಬಂದ ಮಿರುಗು. ಅರ್ಪಿತಾ ಅದನ್ನು ದೇವರ ಕಳೆ ಎಂದುಕೊಂಡಳು. ಕಾರಿನೊಳಗಿನ ಗಣಪತಿಯ ಮುಂದಿದ್ದ ಕುಂಕುಮ ತಂದು ಚಿಟಿಕೆ ಇಟ್ಟಳು, ಕೈಮುಗಿದಳು, ಅತ್ತಳು.

ಕನ್ನಡದವಳೆಂದು ತನ್ನನ್ನು ಮಾತಾಡಿಸಿ, ಕಷ್ಟಸುಖ ಹೇಳಿಕೊಂಡು ಅವರು ಹೋದ ಮೇಲೆ ಚಂದ್ರಾವತಿ ಕುಂಕುಮ ಒರೆಸಿದಳು. ಒಂದು ಚಿಟಿಕೆ, ಒಂದು ಒದ್ದೆ ಬಟ್ಟೆ, ಮುಗಿಯಿತು ಎಂದುಕೊಂಡಳು.

ಜನವರಿಯಲ್ಲಿ ಅವರು ಮತ್ತೆ ಬಂದರು. ಅರ್ಪಿತಾ ಕೆಸರಿನಲ್ಲೇ ಮಂಡಿಯೂರಿ ಕಲ್ಲಿಗೆ ಹಣೆ ಹಚ್ಚಿದಳು. "ಆಂಟಿ, ನಿಂತಿದೆ! ಈ ಸಲ ನಿಂತಿದೆ!" ಎಂದು ಅವಳು ಚಂದ್ರಾವತಿಯನ್ನು ತಬ್ಬಿಕೊಂಡಳು. ನಾಲಗೆಯ ತುದಿಗೆ ಬಂದ ಮಾತನ್ನು ಚಂದ್ರಾವತಿ ನುಂಗಿದಳು. ಎಳೆ ಬಸುರಿಗೆ, ನೀನು ಹಣೆ ಹಚ್ಚಿದ್ದು ಸತ್ತ ಕೂಸಿನ ಕಲ್ಲಿಗೆ ಎಂದು ಯಾವ ಬಾಯಿಂದ ಹೇಳುವುದು? ತಮ್ಮ ಕಡೆಯ ಹೆಣ್ಣು ಅದನ್ನು ಕೇಳಿ ಒಂದು ರಾತ್ರಿಯೂ ಕಣ್ಣು ಮುಚ್ಚಲಾರಳೆಂದು ಅವಳಿಗೆ ಗೊತ್ತು. ಹೆರಿಗೆಯಾಗಲಿ, ಆಮೇಲೆ ನೋಡೋಣ ಎಂದುಕೊಂಡಳು.

ಆಮೇಲೆ ವಾಟ್ಸ್ಆ್ಯಪ್ಪಿನಲ್ಲಿ 'ಗುಡ್ಡದಮ್ಮ' ಎಂಬ ಗುಂಪು ಹುಟ್ಟಿತು. ಲೂಕನ್ನಿನಿಂದ ತಿಂಗಳಿಗೊಮ್ಮೆ ಕಾರುಗಳು ಬರತೊಡಗಿದವು. ಬಂದವರು ಚಪ್ಪಲಿ ಬಿಟ್ಟು, ಕಲ್ಲಿಗೆ ಅರಿಶಿನ ಮೆತ್ತಿದರು, ಎರಡು ಲೀಟರಿನ ಕ್ಯಾನಿನಿಂದ ಹಾಲು ಸುರಿದರು, ತುಪ್ಪದ ದೀಪ ಹಚ್ಚಿದರು, ಕಾಯಿ ಒಡೆದರು. ಹಾಲು ಹುಲ್ಲಿನ ಬುಡದಲ್ಲಿ ಹುಳಿಯಾಯಿತು. ತುಪ್ಪ ಚಳಿಗೆ ಹೆಪ್ಪುಗಟ್ಟಿ, ಸಾಯುವವರ ಚರ್ಮದ ಬಣ್ಣಕ್ಕೆ ತಿರುಗಿತು. ಕಾಯಿಚೂರಿಗೆ ಬೆರಳುದ್ದದ, ಚಿಪ್ಪಿಲ್ಲದ ಕಪ್ಪು ಬಸವನಹುಳುಗಳು ಅಂಟಿದವು, ಬಾಳೆಸಿಪ್ಪೆಗೆ ಇಲಿ ಬಂತು. ಅವರು ಬಂದುಹೋದ ಮೇಲೆಲ್ಲ ಚಂದ್ರಾವತಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂತು ತಿಕ್ಕಿದಳು. ಎಲ್ಲ ಹೋಗುತ್ತಿತ್ತು, ಅರಿಶಿನ ಹೋಗುತ್ತಿರಲಿಲ್ಲ. ಕಲ್ಲಿನ ಸಣ್ಣ ಸಣ್ಣ ತೂತುಗಳಲ್ಲಿ ಅದು ಕೀವಿನ ಹಾಗೆ ಉಳಿದುಬಿಟ್ಟಿತ್ತು. ಏನೂ ಇಡಬೇಡ ಎಂದವಳ ಕಲ್ಲು ಈಗ ಸಾಲಿನಲ್ಲಿ ಎದ್ದು ಕಾಣುತ್ತಿತ್ತು.

ಇವತ್ತು ಚಂದ್ರಾವತಿ ಏಣಿ ಇಳಿದು, ಬಕೆಟ್ಟು, ಕುಂಚ ಹಿಡಿದು ಚಾಪೆಲ್ಲಿನ ಹಿಂದೆ ಬಂದಾಗ ಎಂಟು ಹತ್ತು ಜನ ಸುತ್ತ ನಿಂತಿದ್ದರು. ಮುಳ್ಳುಮರ ಹೂಬಿಟ್ಟು ನಾರುತ್ತಿತ್ತು. ಊದುಬತ್ತಿ ಅದಕ್ಕೆ ಇನ್ನೊಂದು ನಾತ ಸೇರಿಸಿತ್ತು.

"ಬನ್ನಿ ಆಂಟಿ, ಬನ್ನಿ! ನಿಮ್ಗೇ ಕಾಯ್ತಿದ್ವಿ," ಎಂದ ಗುರುದತ್. ರೇಷ್ಮೆ ಜುಬ್ಬದ ಮೇಲೆ ಮಳೆಯ ಜಾಕೆಟ್ಟು ಹಾಕಿಕೊಂಡಿದ್ದ.

"ಯಾರಪ್ಪಾ ಕಾಯಿ ಒಡೆದಿದ್ದು?"

"ಅದು ವಂದನಾದು, ಟ್ರಯಲ್ಲು. ಮೈನ್ ಕಾಯಿ ಅರ್ಪಿತಾದು, ಇನ್ನೂ ಬಾಕಿ ಐತೆ."

"ಗುರುದತ್, ಇವತ್ತು ಬೇಡ. ಎಲ್ಲಾ ಎತ್ಕೊಳ್ಳಿ. ಬೇಗ."

"ಯಾಕೆ, ಚರ್ಚ್ ಕಮಿಟಿಯವ್ರು ಬೈದ್ರಾ? ನಾನ್ ಮಾತಾಡ್ತೀನಿ ಬಿಡಿ. ಮರ ನೋಡಿ ಆಂಟಿ, ಅವ್ರೇನ್ ಕಮ್ಮಿ ಕಟ್ಟವ್ರಾ? ಕಾಲ್ಚೀಲ ಕಟ್ಟವ್ರೆ, ಕಾಲ್ಚೀಲ! ದೇವ್ರ ಮುಂದೆ ಯಾರಾದ್ರೂ ಕಾಲ್ಚೀಲ ಕಟ್ತಾರಾ? ನಮ್ದು ಅರಿಶಿನ ಕುಂಕುಮ. ಯಾವ್ದು ವಾಸಿ, ನೀವೇ ಹೇಳಿ."

ಎಲ್ಲರೂ ನಕ್ಕರು. ಅವನ ಸಹೋದ್ಯೋಗಿ ವಂದನಾ ಮೊಬೈಲಿನಲ್ಲಿ ಎಲ್ಲವನ್ನೂ ಹಿಡಿಯುತ್ತಿದ್ದಳು. "ಆಂಟಿಗೆ ಬರೀ ಕ್ಲೀನಿಂಗ್ ಟೆನ್ಷನ್ನು," ಎಂದಳು. "ನಾವೇ ಬಾಚಿ ಹೋಗ್ತೀವಿ ಆಂಟಿ, ವೈಪ್ಸ್ ತಂದಿದೀನಿ."

"ಟೆನ್ಷನ್ ಬೇಡ್ವೇ ಬೇಡ," ಗುರುದತ್ ಮುಂದುವರಿಸಿದ. "ಅಮ್ಮನಿಗೆ ಇಲ್ಲಿ ವರ್ಕ್ ಪರ್ಮಿಟ್ ಸಿಕ್ಕಾಗೈತೆ. ಈಗ ಯಾರೂ ವಾಪಸ್ ಕಳ್ಸಕ್ಕಾಗಲ್ಲ."

ಮತ್ತೆ ನಗು. ಅರ್ಪಿತಾ ನಗಲಿಲ್ಲ. ಏಳು ತಿಂಗಳ ಹೊಟ್ಟೆ ಹೊತ್ತು, ಬರಿಗಾಲಿನಲ್ಲಿ, ಕಾಯಿ ಹಿಡಿದು ಕಲ್ಲಿನ ಮುಂದೆ ನಿಂತಿದ್ದಳು. ಹಾಲು ಆಗಲೇ ಸುರಿದಾಗಿತ್ತು. ವಂದನಾ ಒಡೆದ ಕಾಯಿಯ ಚೂರುಗಳು ಕಲ್ಲಿನ ಸುತ್ತ ಬಿದ್ದಿದ್ದವು.

"ಇದೊಂದೇ ಆಂಟಿ," ಎಂದಳು. "ಹರಕೆ. ಮುಂದಿನ ತಿಂಗಳು ನಂಗೆ ಬಗ್ಗೋಕೂ ಆಗಲ್ಲ. ಒಡೆದು ಹೊರಟ್ಬಿಡ್ತೀವಿ."

ಕೆಳಗೆ ಊರಿನ ಚರ್ಚಿನ ಗಂಟೆ ಬಡಿಯಿತು. ಪೂಜೆ ಮುಗಿಯಿತು. ಜನ ಕಾರು ಹತ್ತುತ್ತಿರುತ್ತಾರೆ. ಚಂದ್ರಾವತಿಗೆ ಎರಡು ಮುಖಗಳು ಕಂಡವು: ಒಂದು ಎದುರಿಗೇ ಇದ್ದದ್ದು, ಇನ್ನೊಂದು ರಸ್ತೆಯಲ್ಲಿ ಬರುತ್ತಿದ್ದದ್ದು. ಎರಡನ್ನೂ ಉಳಿಸಲಾಗುವುದಿಲ್ಲ.

ಅರ್ಪಿತಾ ಕಾಯಿ ಎತ್ತಿದಳು. ಚಂದ್ರಾವತಿ ಅವಳ ಮಣಿಕಟ್ಟು ಹಿಡಿದಳು.

"ಒಡೀಬೇಡಮ್ಮ. ಅದು ದೇವ್ರಲ್ಲ."

"ಮತ್ತೆ?"

"ಮಗು."

ಅರ್ಪಿತಾಳಿಗೆ ಅರ್ಥವಾಗಲಿಲ್ಲ. ಗುರುದತ್‌ಗೂ ಆಗಲಿಲ್ಲ. "ಹೌದಲ್ಲ, ಮಕ್ಕಳ ದೇವ್ರು," ಎಂದ.

"ದೇವ್ರಲ್ಲಪ್ಪಾ, ಸಮಾಧಿ. ಈ ಸಾಲೆಲ್ಲ ಸಮಾಧೀನೇ. ಹುಟ್ತಿದ್ದಂಗೆ ಸತ್ತ ಕೂಸುಗಳು. ಚರ್ಚಿನವ್ರು ಒಳಗೆ ಹೂಳಕ್ಕೆ ಬಿಡ್ಲಿಲ್ಲ, ಅಪ್ಪಂದ್ರು ತಂದು ಇಲ್ಲಿ ಹೂಳಿದ್ರು. ಈ ಚಿಕ್ಕದರ ತಾಯಿ ಇನ್ನೂ ಬದುಕವ್ರೆ. ಇವತ್ತು ಬರ್ತಾವ್ರೆ."

ಗಾಳಿಗೆ ಮರದ ಚಿಂದಿಗಳು ಅಲುಗಿದವು. ಮೊದಲು ಕದಲಿದ್ದು ಕಾಲುಗಳು. ಎಲ್ಲರೂ ಒಮ್ಮೆಗೇ ಚಪ್ಪಲಿ, ಬೂಟುಗಳ ಕಡೆ ಓಡಿದರು. ಒಬ್ಬನಂತೂ ಯಾರದೋ ಬೂಟಿಗೆ ಕಾಲು ತುರುಕಿ ಕುಂಟಿದ. "ಥೂ, ಥೂ, ಥೂ," ಎಂದು ವಂದನಾ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡಳು. ಯಾರೋ ಚೀಲದಿಂದ ಸ್ಯಾನಿಟೈಸರ್ ತೆಗೆದರು. ಅದು ತೀರ್ಥದ ಹಾಗೆ ಕೈಯಿಂದ ಕೈಗೆ ಹೋಯಿತು. ಹಣೆಯ ಕುಂಕುಮವನ್ನು ವೈಪ್ಸಿನಲ್ಲಿ ಒರೆಸಿ, ಒರೆಸಿದ ವೈಪ್ಸನ್ನು ಪಕ್ಕದ ಕಲ್ಲಿನ ಮೇಲೆಯೇ ಎಸೆದರು. ಪ್ರಸಾದದ ಬಾಳೆಹಣ್ಣು ಇಳಿಜಾರಿಗೆ ಹಾರಿತು. ಹೆಂಗಸೊಬ್ಬಳು ಬಾಯಿಗೆ ಸೆರಗು ಹಿಡಿದಳು. ಇಷ್ಟು ದಿನ ಇದೇ ಕಲ್ಲಿಗೆ ಸುರಿದ ಹಾಲನ್ನು ಚಮಚದಲ್ಲಿ ಹಿಡಿದು ಕುಡಿದವಳು.

ಚಂದ್ರಾವತಿ ನೋಡುತ್ತ ನಿಂತಳು. ಕಕ್ಕಸು ತೊಳೆದಿದ್ದಾಳೆ, ಹಲ್ಲಿನ ಸೆಟ್ಟು ಎತ್ತಿ ಹಾಕಿದ್ದಾಳೆ, ಹುಳಿ ಹಾಲಿನಲ್ಲಿ ಬೆರಳು ಅದ್ದಿದ್ದಾಳೆ. ಹೇಸಿಗೆ ಅನ್ನುವುದು ಇಷ್ಟು ಹೇಸಿಗೆಯಾಗಿ ಇರಬಹುದೆಂದು ಅವಳಿಗೆ ಇವತ್ತಿನವರೆಗೆ ತಿಳಿದಿರಲಿಲ್ಲ. ಅರವತ್ತು ವರ್ಷದ ಹಿಂದೆ ಪಾದ್ರಿಯ ಮುಖದಲ್ಲಿ ಇದೇ ಹೇಸಿಗೆ ಮೂಡಿರಬೇಕು. ಬೆಣ್ಣೆಯ ಪೆಟ್ಟಿಗೆಯಿಂದ ಎಲ್ಲರೂ ಹೀಗೇ ಹಿಂದೆ ಸರಿದಿರಬೇಕು.

ಅವಳು ಬಕೆಟ್ಟು ಇಟ್ಟು ಕೂತಳು. ಕುಂಚ ಅದ್ದಿ ಕಲ್ಲು ತಿಕ್ಕತೊಡಗಿದಳು.

ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಇನ್ನೊಬ್ಬರು ಕೂತ ಹಾಗಾಯಿತು. ಅರ್ಪಿತಾ. ಮುಖ ಸುಣ್ಣದ ಹಾಗಿತ್ತು. ಚಪ್ಪಲಿ ಹಾಕಿರಲಿಲ್ಲ. ಒಂದು ಕೈ ಹೊಟ್ಟೆ ಬಿಟ್ಟು ಏಳದು. ಇನ್ನೊಂದರಿಂದ, ಕಷ್ಟಪಟ್ಟು ಬಾಗಿ, ಹುಲ್ಲಿನಲ್ಲಿದ್ದ ಕಾಯಿಚೂರುಗಳನ್ನು ಹೆಕ್ಕಿ ದುಪಟ್ಟಾದ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಚಂದ್ರಾವತಿಯ ಕಡೆ ನೋಡಲೇ ಇಲ್ಲ.

"ಅರ್ಪಿ, ಮುಟ್ಬೇಡ! ಏಳು!" ಎಂದು ಗುರುದತ್ ದೂರದಿಂದಲೇ ಕೂಗಿದ.

"ಹೆಣ್ಣಾ?" ಎಂದಳು ಅರ್ಪಿತಾ, ಕಲ್ಲನ್ನೇ ನೋಡುತ್ತ.

"ಹೂಂ."

"ನಾನು ಇದ್ರ ತಲೆ ಮೇಲೆ ಒಡೀತಿದ್ದೆ."

"ನಿಂಗೊತ್ತಿರ್ಲಿಲ್ಲ."

"ನಿಮ್ಗೆ ಗೊತ್ತಿತ್ತಲ್ಲ ಆಂಟಿ."

ಚಂದ್ರಾವತಿ ಕುಂಚವನ್ನು ಇನ್ನಷ್ಟು ಒತ್ತಿದಳು. ಹಾಲಿನ ಜಿಡ್ಡು ಹೋಯಿತು, ಮಸಿ ಹೋಯಿತು. ಹಳದಿ ಅಲ್ಲೇ ಇತ್ತು. ಅರ್ಪಿತಾ ದುಪಟ್ಟಾದ ಇನ್ನೊಂದು ತುದಿಯನ್ನು ಬಕೆಟ್ಟಿನಲ್ಲಿ ಅದ್ದಿ ತಾನೂ ಒರೆಸಿದಳು, ಬೆರಳಿನಿಂದ, ಉಗುರಿನಿಂದ. ಹಳದಿ ಹೋಗಲಿಲ್ಲ.

ಗುಡ್ಡದ ತಿರುವಿನಲ್ಲಿ ಬೆಳ್ಳಿ ಬಣ್ಣದ ಸಣ್ಣ ಕಾರೊಂದು ಕಾಣಿಸಿತು. ನಿಧಾನವಾಗಿ ಹತ್ತುತ್ತಿತ್ತು.

ಗುರುದತ್ ಹತ್ತಿರ ಬಂದ. ಕಲ್ಲುಗಳ ಸಾಲು ತಪ್ಪಿಸಿ, ಬಿಸಿ ನೆಲದ ಮೇಲೆ ನಡೆಯುವವನಂತೆ ಹೆಜ್ಜೆಯಿಟ್ಟ. "ಆಂಟಿ, ಜನವರಿಲೇ ಹೇಳ್ಬೋದಿತ್ತಲ್ವಾ ನೀವು?"

"ಹೇಳ್ಬೇಕಿತ್ತಪ್ಪಾ."

"ಬಸುರಿ ಹೆಂಗ್ಸು, ಸ್ಮಶಾನದಲ್ಲಿ ಮಂಡಿ ಹಾಕಿ... ಅಲ್ಲ, ಮನೇಲಿ ನಮ್ಮಮ್ಮಂಗೆ ಏನ್ ಹೇಳ್ಲಿ ನಾನು? ಊರಲ್ಲೆಲ್ಲಾ ಹೇಳ್ಕೊಂಡು ಓಡಾಡಿದಾರೆ ಅವ್ರು."

ಚಂದ್ರಾವತಿ ಎದ್ದಳು. ಮಂಡಿ ಲಟಕ್ಕೆಂದಿತು. ಕಾರು ನಿಂತಿತ್ತು, ಅದರ ಬಾಗಿಲು ತೆರೆದು ಮೊದಲು ಊರುಗೋಲು ಹೊರಬಂತು. ಕಲ್ಲು ಬ್ರೈಡಿಯ ಕಣ್ಣಿಗೆ ಬೀಳುವ ಮೊದಲು ಮಾತು ಅವಳ ಕಿವಿಗೆ ಬೀಳಬೇಕು. ಈ ಸಲ ನುಂಗುವ ಹಾಗಿಲ್ಲ.

"ಆಗಿದ್ದಾಯ್ತು," ಗುರುದತ್ ದನಿ ತಗ್ಗಿಸಿದ. "ಗ್ರೂಪ್ ಡಿಲೀಟ್ ಮಾಡ್ತೀನಿ. ವೀಡಿಯೋಗಳ್ನೂ ತೆಗೆಸ್ತೀನಿ. ನೀವೂ ಯಾರ್ಗೂ ಹೇಳ್ಬೇಡಿ. ಆದ್ರೆ ಇದಕ್ಕೊಂದು ಪರಿಹಾರ ಅಂತ ಇರುತ್ತಲ್ಲ ಆಂಟಿ, ನಿಮ್ಮ ಮೈಸೂರಲ್ಲಿ ಗೊತ್ತಿರೋ ಭಟ್ರು ಯಾರಾದ್ರೂ ಇದ್ರೆ, ವೀಡಿಯೋ ಕಾಲಲ್ಲೇ ಒಂದು ಶಾಂತಿ..."

ಚಂದ್ರಾವತಿ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. ಪಕ್ಕದ ಕಲ್ಲಿನ ಮೇಲಿದ್ದ ವೈಪ್ಸನ್ನು ಎತ್ತಿ ಅವನ ಜಾಕೆಟ್ಟಿನ ಜೇಬಿಗೆ ತುರುಕಿದಳು. ಅರ್ಪಿತಾ ಇನ್ನೂ ಒರೆಸುತ್ತಿದ್ದಳು.

"ಅಯ್ಯೋ, ಏನ್ ಆಂಟಿ ಇದು! ನಾನ್ ಕೇಳ್ತಿರೋದು ಬೇರೆ. ಒಂದು ಬೋರ್ಡು ಹಾಕಿಲ್ಲ ಅಂದ್ರೆ ನಮ್ಗೆ ಹೆಂಗೆ ಗೊತ್ತಾಗ್ಬೇಕು? ನೀವಾದ್ರೂ ನಮ್ಮೋರು ಅಂತ..."

ಅವಳು ಆಗಲೇ ಹುಲ್ಲು ದಾಟಿ, ಚಾಪೆಲ್ಲಿನ ಮೂಲೆ ತಿರುಗಿ, ಊರುಗೋಲಿನ ಕಡೆ ನಡೆಯುತ್ತಿದ್ದಳು.